ಬರೆಯದ ಸಾಲೂ ಬರೆದ ಸೊನ್ನೆಯೂ ಒಂದೇ ಅಲ್ಲ

ಅಂಕಪಟ್ಟಿ ತಯಾರಿಸುವ ಯಾವ ಶಿಕ್ಷಕರನ್ನು ಬೇಕಾದರೂ ಕೇಳಿ ನೋಡಿ. ಪರೀಕ್ಷೆಗೆ ಬಂದು, ಮೂರು ಗಂಟೆ ಕುಳಿತು, ಒಂದೂ ಸರಿಯುತ್ತರ ಬರೆಯದ ವಿದ್ಯಾರ್ಥಿಯ ಹೆಸರಿನ ಮುಂದೆ ಅವರು ಸೊನ್ನೆ ಹಾಕುತ್ತಾರೆ. ಪರೀಕ್ಷೆಗೇ ಬಾರದವನ ಮುಂದೆ ‘ಗೈರುಹಾಜರು’ ಎಂದು ಬರೆಯುತ್ತಾರೆ. ಉತ್ತರಪತ್ರಿಕೆ ಇನ್ನೂ ಕೈಸೇರಿಲ್ಲವಾದರೆ ಆ ಮನೆಯನ್ನು ಖಾಲಿ ಬಿಡುತ್ತಾರೆ. ಮೂರೂ ಬೇರೆ ಬೇರೆ ಸಂಗತಿಗಳು. ತರಗತಿಯ ಸರಾಸರಿ ತೆಗೆಯುವಾಗ ಸೊನ್ನೆ ಪಡೆದವನನ್ನು ಲೆಕ್ಕಕ್ಕೆ ಹಿಡಿಯಬೇಕು, ಗೈರಾದವನನ್ನು ಹಿಡಿಯಬಾರದು, ಖಾಲಿ ಮನೆ ಇರುವಾಗ ಸರಾಸರಿಯನ್ನೇ ಅಂತಿಮವೆಂದು ಹೇಳಬಾರದು. ಇದನ್ನು ಯಾರೂ ನಮಗೆ ವಿಶೇಷವಾಗಿ ಕಲಿಸಬೇಕಾಗಿಲ್ಲ.

ಇಷ್ಟು ಸರಳವಾದ ವ್ಯತ್ಯಾಸವನ್ನು ಗಣಕದ ತಂತ್ರಾಂಶಗಳು ಪದೇ ಪದೇ ಅಳಿಸಿಹಾಕುತ್ತವೆ. ಅದರಲ್ಲೂ ಒಂದು ಕೆಲಸಕ್ಕೆ ಎಷ್ಟು ಹೊತ್ತು ಕಾಯಬೇಕು ಎಂಬ ಕಾಲಮಿತಿಯ ವಿಷಯದಲ್ಲಿ ಈ ಗೊಂದಲ ಬಹಳ ಹಳೆಯದು. ನಾನಿಲ್ಲಿ ವಿಮರ್ಶೆಗೆ ಎತ್ತಿಕೊಂಡಿರುವುದು ಒಂದು ರೂಢಿಯನ್ನು. ಕಾಲಮಿತಿಯ ಜಾಗದಲ್ಲಿ ಸೊನ್ನೆ ಕಂಡರೆ ಅದನ್ನು ‘ಮಿತಿಯೇ ಇಲ್ಲ’ ಎಂದೋ, ‘ಏನೂ ಬರೆದಿಲ್ಲ’ ಎಂದೋ ಓದಿಕೊಳ್ಳುವ ರೂಢಿ ಅದು. ಇದು ತಪ್ಪು ರೂಢಿಯೆಂಬುದು ನನ್ನ ಅಭಿಪ್ರಾಯ. ಅದು ಹೇಗೆ ತಪ್ಪು, ಯಾಕೆ ಹುಟ್ಟಿತು, ಅದರ ಬದಲು ಏನು ಮಾಡಬೇಕು ಎಂಬುದನ್ನು ನಮ್ಮ ಜಿಲ್ಲೆಯ ಒಂದು ಉದಾಹರಣೆಯ ಮೂಲಕವೇ ನೋಡೋಣ.

ಸರದಿ ನೋಡುವ ತಂತ್ರಾಂಶ

ಗಣಕದಲ್ಲಿ ಹೊತ್ತು ಹೊತ್ತಿಗೆ ನಡೆಯಬೇಕಾದ ಕೆಲಸಗಳನ್ನು ತಾನಾಗಿ ಆರಂಭಿಸಿ, ಒಂದಾದ ಮೇಲೊಂದು ಸರದಿಯಲ್ಲಿ ಮುಗಿಸುವ ತಂತ್ರಾಂಶಕ್ಕೆ ಶೆಡ್ಯೂಲರ್ ಎಂದು ಹೆಸರು. ಯೂನಿಕ್ಸ್ ವ್ಯವಸ್ಥೆಯ ‘ಕ್ರಾನ್’ ಇಂಥ ತಂತ್ರಾಂಶಗಳಲ್ಲಿ ಹಳೆಯದು. ದೊಡ್ಡ ಗಣಕಗಳಲ್ಲಿ ನೂರಾರು ಜನರ ಲೆಕ್ಕಗಳನ್ನು ಸರದಿಗೆ ಹಚ್ಚುವ ‘ಸ್ಲರ್ಮ್’ ಇದೇ ಜಾತಿಯದು.

ಶೆಡ್ಯೂಲರ್‌ಗೆ ನಾವು ಪ್ರತಿ ಕೆಲಸದ ಬಗೆಗೂ ಕೆಲವು ಸೂಚನೆಗಳನ್ನು ಬರೆದುಕೊಡುತ್ತೇವೆ. ಯಾವಾಗ ಆರಂಭಿಸಬೇಕು, ಕೆಟ್ಟರೆ ಎಷ್ಟು ಸಲ ಮರುಪ್ರಯತ್ನ ಮಾಡಬೇಕು, ಎಷ್ಟು ಹೊತ್ತಿನೊಳಗೆ ಮುಗಿಯದಿದ್ದರೆ ಕೈಬಿಡಬೇಕು ಎಂಬಂಥವು. ಈ ಕೊನೆಯ ಸೂಚನೆಯೇ ಕಾಲಮಿತಿ, ಅಂದರೆ ಟೈಮ್‌ಔಟ್. ಕಾಲಮಿತಿ ಏಕೆ ಬೇಕು? ದೂರದ ಒಂದು ಯಂತ್ರದೊಡನೆ ಸಂಪರ್ಕ ಬೆಳೆಸಿ ನಾವು ಉತ್ತರಕ್ಕಾಗಿ ಕಾಯುತ್ತಿದ್ದೇವೆ ಎಂದುಕೊಳ್ಳಿ. ಅಷ್ಟರಲ್ಲಿ ಅಲ್ಲಿ ವಿದ್ಯುತ್ ಹೋಯಿತು. ‘ನಾನು ಹೊರಟೆ’ ಎಂಬ ಸಂದೇಶವನ್ನೂ ಆ ಯಂತ್ರ ಕಳಿಸಲಿಲ್ಲ. ಫೋನಿನಲ್ಲಿ ಮಾತನಾಡುತ್ತಿದ್ದವರು ರಿಸೀವರನ್ನು ಮೇಜಿನ ಮೇಲಿಟ್ಟು ಎದ್ದುಹೋದಂತೆ. ಇತ್ತ ಕಡೆಯವರಿಗೆ ಮೌನ ಬಿಟ್ಟರೆ ಬೇರೇನೂ ತಿಳಿಯದು. ಬರಿದೇ ಕಾಯುವ ಟಿಸಿಪಿ ಸಂಪರ್ಕ ಹೀಗೆ ದಿನಗಟ್ಟಲೆ ಕಾಯಬಲ್ಲದು. ಆಚೆಯವರು ಜೀವಂತವಿದ್ದಾರೆಯೇ ಎಂದು ನಡುನಡುವೆ ವಿಚಾರಿಸುವ ಏರ್ಪಾಡು ಲಿನಕ್ಸ್‌ನಲ್ಲಿ ಇದೆ, ಆದರೆ ನಾವಾಗಿ ಕೇಳಿಕೊಳ್ಳದೆ ಅದು ಕೆಲಸ ಮಾಡುವುದಿಲ್ಲ. ಕೇಳಿಕೊಂಡರೂ ಮೊದಲ ವಿಚಾರಣೆ ನಡೆಯುವುದು, ಬೇರೆ ಸೂಚನೆ ಇಲ್ಲದಿದ್ದರೆ, 7200 ಸೆಕೆಂಡುಗಳ ಬಳಿಕ. ಆದ್ದರಿಂದ ಕಾಲಮಿತಿ ಅನಿವಾರ್ಯ.

ಮೂರು ಊರು, ಮೂರು ಕಡತ

ಈಗ ಉದಾಹರಣೆಗೆ ಬರೋಣ. ಆಳಂದ, ಅಫಜಲಪುರ ಮತ್ತು ಜೇವರ್ಗಿ ಕಲಬುರಗಿ ಜಿಲ್ಲೆಯ ಮೂರು ತಾಲ್ಲೂಕುಗಳು. ಆಳಂದದಲ್ಲಿ ಅಮರ್ಜಾ ಜಲಾಶಯವಿದೆ. ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಭೀಮಾ ನದಿ ಹರಿಯುತ್ತದೆ. ಆದರೂ ಇಲ್ಲಿಯ ಬಹುಪಾಲು ಎರೆ ಹೊಲಗಳ ತೊಗರಿ ಮಳೆಯನ್ನೇ ನಂಬಿದ ಬೆಳೆ. ಆದ್ದರಿಂದ ಮಳೆಯ ಅಂಕಿಗೆ ಇಲ್ಲಿ ಬೆಲೆ ಹೆಚ್ಚು. 1988ರಲ್ಲಿ ಬರದ ಮೇಲೆ ನಿಗಾ ಇಡುವ ಘಟಕವಾಗಿ ಆರಂಭವಾದ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಮುಂದೆ ಗ್ರಾಮ ಪಂಚಾಯಿತಿಗಳ ಮಟ್ಟದವರೆಗೆ ದೂರಸಂಪರ್ಕದ ಮಳೆಮಾಪಕಗಳನ್ನು ಹಾಕಿ, 15 ನಿಮಿಷಕ್ಕೊಮ್ಮೆ ಅಂಕಿ ತರಿಸಿಕೊಳ್ಳುವ ಏರ್ಪಾಡು ಮಾಡಿತು. ಅಂದರೆ ಒಂದು ಮಾಪಕದಿಂದ ದಿನಕ್ಕೆ 96 ಅಂಕಿಗಳು.

ನಮ್ಮ ಉದಾಹರಣೆ ಇದಕ್ಕಿಂತ ಬಹಳ ಚಿಕ್ಕದು ಮತ್ತು ಕಲ್ಪಿತವಾದದ್ದು. ಊರುಗಳ ಹೆಸರು ಮಾತ್ರ ನಿಜ. ಮೂರು ಊರುಗಳ ಮೂರು ಕಾಲೇಜುಗಳ ಅಂಗಳದಲ್ಲಿ ವಿದ್ಯಾರ್ಥಿಗಳು ಮಳೆಮಾಪಕ ಇಟ್ಟಿದ್ದಾರೆ. ನಮ್ಮ ದೇಶದಲ್ಲಿ ಮಳೆಯ ದಿನ ಬೆಳಿಗ್ಗೆ 8.30ಕ್ಕೆ ಮುಗಿಯುತ್ತದೆ. ಆಗ ಕಲಬುರಗಿಯ ಒಂದು ಗಣಕ ಮೂರೂ ಮಾಪಕಗಳನ್ನು ಸರದಿಯಲ್ಲಿ ಕೇಳಿ ಹಿಂದಿನ 24 ಗಂಟೆಗಳ ಮಳೆಯನ್ನು ಪಡೆಯುತ್ತದೆ. ಮೊದಲು ಆಳಂದ, ಆಮೇಲೆ ಅಫಜಲಪುರ, ಕೊನೆಗೆ ಜೇವರ್ಗಿ. ಯಾವ ಊರಿನ ಕಡತದಲ್ಲೂ ಕಾಲಮಿತಿ ಬರೆದಿರದಿದ್ದರೆ 60 ಸೆಕೆಂಡು ಎಂದು ತಿಳಿಯಬೇಕೆಂದು ಸಾಮಾನ್ಯ ಕಡತದಲ್ಲಿ ಬರೆದಿದೆ.

ಆಳಂದದ ವಿದ್ಯಾರ್ಥಿ ತನ್ನ ಕಡತದಲ್ಲಿ ‘ಕಾಲಮಿತಿ 30’ ಎಂದು ಬರೆದ. ಅಫಜಲಪುರದವನು ‘ಕಾಲಮಿತಿ 0’ ಎಂದು ಬರೆದ. ಅವನ ಮನಸ್ಸಿನಲ್ಲಿದ್ದದ್ದು ‘ಅಂಕಿ ಸಿದ್ಧವಿದ್ದರೆ ತೆಗೆದುಕೋ, ಇಲ್ಲದಿದ್ದರೆ ಕಾಯದೆ ಮುಂದೆ ಹೋಗು’ ಎಂಬುದು. ಜೇವರ್ಗಿಯವಳು ಆ ಸಾಲನ್ನೇ ಬರೆಯಲಿಲ್ಲ, ಸಾಮಾನ್ಯ ಕಡತದ 60 ಸೆಕೆಂಡು ತನಗೆ ಸಾಕು ಎಂದುಕೊಂಡಳು. ಮೂವರದೂ ಸಮಂಜಸವಾದ ಆಲೋಚನೆಯೇ. ಒಂದು ಕಡತದಲ್ಲಿ ಬೆಲೆ ಇದೆ, ಇನ್ನೊಂದರಲ್ಲಿ ಸೊನ್ನೆ ಇದೆ, ಮತ್ತೊಂದರಲ್ಲಿ ಏನೂ ಇಲ್ಲ.

ಶೆಡ್ಯೂಲರ್ ಬರೆದವರು ಕಾಲಮಿತಿಗೆಂದು ಒಂದು ಪೂರ್ಣಾಂಕದ ಜಾಗ ಇಟ್ಟರು. ಆರಂಭದಲ್ಲಿ ಅದರಲ್ಲಿ ಸೊನ್ನೆ ತುಂಬಿದರು. ಕಡತದಲ್ಲಿ ಸಂಖ್ಯೆ ಇದ್ದರೆ ಅದನ್ನು ಆ ಜಾಗಕ್ಕೆ ಹಾಕಿದರು. ಕಾಯುವ ಹೊತ್ತಿಗೆ ಅಲ್ಲಿರುವ ಸಂಖ್ಯೆಯನ್ನು ಕೆಳಗಿನ ಪದರದ ತಂತ್ರಾಂಶಕ್ಕೆ ಒಪ್ಪಿಸಿದರು. ಆ ಪದರದಲ್ಲಿ ಸೊನ್ನೆ ಎಂದರೆ ‘ಮಿತಿಯಿಲ್ಲ’. ಈಗ ನೋಡಿ, ಅಫಜಲಪುರದ ‘ಕಾಯಬೇಡ’ ಎಂಬುದು ‘ಎಂದೆಂದಿಗೂ ಕಾಯಿ’ ಎಂದಾಯಿತು. ಜೇವರ್ಗಿಯ ಬರೆಯದ ಸಾಲೂ ಸೊನ್ನೆಯಾಗಿ, ಅದೂ ‘ಎಂದೆಂದಿಗೂ ಕಾಯಿ’ ಎಂದೇ ಆಯಿತು. ಸಾಮಾನ್ಯ ಕಡತದ 60 ಸೆಕೆಂಡು ಯಾರಿಗೂ ಅನ್ವಯಿಸಲೇ ಇಲ್ಲ.

ಸೊನ್ನೆಯಿಂದ ಖಾಲಿ, ಖಾಲಿಯಿಂದ ಸೊನ್ನೆ

ಎಲ್ಲ ಯಂತ್ರಗಳೂ ಚೆನ್ನಾಗಿರುವವರೆಗೆ ಈ ದೋಷ ಕಾಣಿಸುವುದಿಲ್ಲ. ಒಂದು ಬೆಳಿಗ್ಗೆ ಆಳಂದದಿಂದ 18 ಮಿಲಿಮೀಟರ್ ಎಂಬ ಅಂಕಿ ಬಂತು. ಅಫಜಲಪುರದ ಸಂಪರ್ಕ ದೊರೆತ ಕ್ಷಣದಲ್ಲೇ ಅಲ್ಲಿ ವಿದ್ಯುತ್ ಹೋಯಿತು. ಶೆಡ್ಯೂಲರ್ ಕಾಯತೊಡಗಿತು. ಜೇವರ್ಗಿಯ ಸರದಿ ಬರಲೇ ಇಲ್ಲ. ಮರುದಿನ ಆಳಂದದ ಸರದಿಯೂ ಬರಲಿಲ್ಲ, ಏಕೆಂದರೆ ಹಿಂದಿನ ದಿನದ ಕೆಲಸವೇ ಮುಗಿದಿಲ್ಲ. ಶೆಡ್ಯೂಲರನ್ನು ವಿಚಾರಿಸಿದರೆ ‘ಕೆಲಸ ನಡೆಯುತ್ತಿದೆ’ ಎಂದೇ ಅದು ಹೇಳುತ್ತದೆ. ದೋಷದ ಸಂದೇಶ ಎಲ್ಲೂ ಇಲ್ಲ.

ಕತೆ ಇಲ್ಲಿಗೆ ಮುಗಿಯುವುದಿಲ್ಲ. ಅಂಕಿಗಳನ್ನು ಒಟ್ಟುಗೂಡಿಸುವ ಇನ್ನೊಂದು ಪುಟ್ಟ ತಂತ್ರಾಂಶ ಪಕ್ಕದಲ್ಲಿದೆ. ಖಾಲಿ ಮನೆಗಳನ್ನು ಕಂಡರೆ ಲೆಕ್ಕ ನಿಂತುಹೋಗುತ್ತದೆಂದು ಅದನ್ನು ಬರೆದವರು ಖಾಲಿ ಇದ್ದಲ್ಲೆಲ್ಲ ಸೊನ್ನೆ ತುಂಬಿದ್ದಾರೆ. ಮೊದಲ ದಿನದ ಸರಾಸರಿ 18ನ್ನು ಮೂರರಿಂದ ಭಾಗಿಸಿ 6 ಮಿಲಿಮೀಟರ್ ಎಂದು ಬಂತು. ಮುಂದಿನ ನಾಲ್ಕು ದಿನ ಮೂರೂ ಊರುಗಳಿಗೆ ಸೊನ್ನೆ, ಸರಾಸರಿಯೂ ಸೊನ್ನೆ. ಹಾಳೆಯ ಮೇಲೆ ಸತತ ನಾಲ್ಕು ಒಣ ದಿನಗಳು ಮೂಡಿದವು. ಜೇವರ್ಗಿಯ ಮಾಪಕದ ಸ್ವಂತ ನೆನಪಿನಲ್ಲಿ ಮಾತ್ರ ಮೊದಲ ದಿನವೇ 22.5 ಮಿಲಿಮೀಟರ್ ಮಳೆ ದಾಖಲಾಗಿ ಸುಮ್ಮನೆ ಕುಳಿತಿದೆ. ಅದನ್ನು ಕೇಳಿದವರಿಲ್ಲ.

ಪ್ರಾಮಾಣಿಕವಾದ ಹಾಳೆ ಏನು ಹೇಳಬೇಕಿತ್ತು? ಮೊದಲ ದಿನ ‘ಮೂರರಲ್ಲಿ ಒಂದು ಮಾಪಕದ ಅಂಕಿ ಬಂದಿದೆ, ಅದು 18 ಮಿಲಿಮೀಟರ್’ ಎನ್ನಬೇಕಿತ್ತು. ಮುಂದಿನ ನಾಲ್ಕು ದಿನ ‘ಅಂಕಿ ಬಂದಿಲ್ಲ’ ಎನ್ನಬೇಕಿತ್ತು. ಕಾಲಮಿತಿಯಲ್ಲಿನ ಒಂದು ಸೊನ್ನೆ ಮಳೆಯ ಪಟ್ಟಿಯಲ್ಲಿ ಖಾಲಿ ಮನೆಗಳನ್ನು ಹುಟ್ಟಿಸಿತು, ಆ ಖಾಲಿ ಮನೆಗಳು ಮತ್ತೆ ಸೊನ್ನೆಯ ವೇಷ ಹಾಕಿ ಬಂದವು. ತಪ್ಪು ಅಫಜಲಪುರದ ಕಡತದ ಓದಿನಲ್ಲಿ, ಮಳೆ ಕಳೆದುಕೊಂಡದ್ದು ಜೇವರ್ಗಿ.

ಇದು ವಿದ್ಯಾರ್ಥಿಗಳ ಹಾಳೆಯಾದ್ದರಿಂದ ಯಾರಿಗೂ ನಷ್ಟವಿಲ್ಲ. ಆದರೆ ಇಂಥದೇ ಹಾಳೆಗಳ ಮೇಲೆ ಬರದ ನಿರ್ಧಾರ, ಬೆಳೆ ವಿಮೆಯ ಲೆಕ್ಕ ನಿಂತಿರುತ್ತವೆ ಎಂಬುದನ್ನು ಮರೆಯಬಾರದು. ಕೇಂದ್ರ ಸರಕಾರದ 2016ರ ಬರ ನಿರ್ವಹಣಾ ಕೈಪಿಡಿ ಮಳೆಯ ಕೊರತೆಯ ಜೊತೆಗೆ ಸತತವಾದ ಒಣ ಅವಧಿಯನ್ನೂ ಪರಿಗಣಿಸುತ್ತದೆ. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಂತೂ ಮಳೆಯ ಅಂಕಿಯೇ ಪರಿಹಾರದ ಅಳತೆಗೋಲು. ಅಲ್ಲಿ ಸುಳ್ಳು ಸೊನ್ನೆ ಇಬ್ಬಾಯಿ ಕತ್ತಿಯಂತೆ. ಮಳೆ ಬಂದ ಊರಿಗೆ ಬರವನ್ನು ಕಟ್ಟಬಲ್ಲದು. ಅತಿವೃಷ್ಟಿಯಲ್ಲಿ ಬೆಳೆ ಕೊಳೆತ ಊರಿಗೆ ಮಳೆಯೇ ಬಂದಿಲ್ಲ ಎನ್ನಬಲ್ಲದು. ಎರಡನೆಯದು ಹೆಚ್ಚು ಸಂಭವನೀಯವೂ ಹೌದು. 2020ರ ಅಕ್ಟೋಬರಿನಲ್ಲಿ ಭೀಮಾ ಉಕ್ಕಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳ್ಳಿಗಳು ನೀರಿನಲ್ಲಿ ನಿಂತದ್ದನ್ನು ನೆನಪಿಸಿಕೊಳ್ಳಿ. ವಿದ್ಯುತ್ತೂ ದೂರವಾಣಿಯೂ ಕೈಕೊಡುವುದು ಅಂಥ ದಿನಗಳಲ್ಲೇ. ಅಂದರೆ ಅತ್ಯಂತ ದೊಡ್ಡ ಅಂಕಿ ಬರಬೇಕಾದ ದಿನವೇ ಮನೆ ಖಾಲಿ ಉಳಿಯುವ ಸಾಧ್ಯತೆ ಹೆಚ್ಚು. ಅದನ್ನು ಸೊನ್ನೆ ಎಂದು ಓದುವುದು ಸತ್ಯಕ್ಕೆ ನೇರ ವಿರುದ್ಧ ದಿಕ್ಕಿನ ತಪ್ಪು.

ಒಂದೇ ಚಿಹ್ನೆ, ಎದುರುಬದುರು ಅರ್ಥ

‘ಸೊನ್ನೆ ಎಂದರೆ ಮಿತಿಯಿಲ್ಲ’ ಎಂಬ ರೂಢಿ ಎಲ್ಲೆಡೆ ಒಂದೇ ರೀತಿ ಇದ್ದಿದ್ದರೆ ಬಾಯಿಪಾಠ ಮಾಡಿಸಿ ಸುಮ್ಮನಾಗಬಹುದಿತ್ತು. ಹಾಗೂ ಇಲ್ಲ. ಯೂನಿಕ್ಸ್ ಪರಂಪರೆಯ ‘ಪೋಲ್’ ಎಂಬ ಕರೆಯಲ್ಲಿ ಸೊನ್ನೆ ಎಂದರೆ ‘ತಕ್ಷಣ ಮರಳು’, ಋಣಸಂಖ್ಯೆ ಎಂದರೆ ‘ಮಿತಿಯಿಲ್ಲದೆ ಕಾಯಿ’. ಅದೇ ಪರಂಪರೆಯಲ್ಲಿ ಸಾಕೆಟ್‌ನಿಂದ ಓದುವ ಕಾಲಮಿತಿಗೆ ಸೊನ್ನೆ ಕೊಟ್ಟರೆ ಅರ್ಥ ‘ಮಿತಿಯಿಲ್ಲ’. ಒಂದೇ ವ್ಯವಸ್ಥೆಯ ಒಂದೇ ಸಂಪರ್ಕದ ಮೇಲೆ ಎರಡು ಕರೆಗಳು, ಒಂದೇ ಸಂಖ್ಯೆಗೆ ಎದುರುಬದುರು ಅರ್ಥ.

ಭಾಷೆಗಳ ನಡುವೆಯೂ ಹೀಗೆಯೇ. ಒಂದು ಎಳೆ ಮುಗಿಯುವುದನ್ನು ಕಾಯುವ ‘ಜಾಯಿನ್’ ಎಂಬ ಕರೆ ಜಾವಾದಲ್ಲೂ ಇದೆ, ಪೈಥಾನ್‌ನಲ್ಲೂ ಇದೆ. ಜಾವಾದಲ್ಲಿ ಅದಕ್ಕೆ ಸೊನ್ನೆ ಕೊಟ್ಟರೆ ಎಂದೆಂದಿಗೂ ಕಾಯುತ್ತದೆ. ಪೈಥಾನ್‌ನಲ್ಲಿ ಸೊನ್ನೆ ಕೊಟ್ಟರೆ ಕಾಯದೆ ಮರಳುತ್ತದೆ, ಮಿತಿಯಿಲ್ಲದೆ ಕಾಯಬೇಕಾದರೆ ಏನನ್ನೂ ಕೊಡಬಾರದು. ಕ್ರಾನ್ ತಾನಾಗಿ ಯಾವ ಕಾಲಮಿತಿಯನ್ನೂ ವಿಧಿಸದ ಕಾರಣ ಅದರೊಡನೆ ಅನೇಕರು ಬಳಸುವ ‘ಟೈಮ್‌ಔಟ್’ ಎಂಬ ಗ್ನೂ ಆಜ್ಞೆಯಲ್ಲಿ ಸೊನ್ನೆ ಎಂದರೆ ಮಿತಿಯನ್ನೇ ತೆಗೆದುಹಾಕು ಎಂದರ್ಥ.

ಸ್ಲರ್ಮ್‌ನ ಮಾತೂ ಗಮನಾರ್ಹ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪಿತವಾದ ಪರಮ್ ಪ್ರವೇಗದಂಥ ಮಹಾಗಣಕಗಳಲ್ಲಿ ಸರದಿ ನೋಡುವುದು ಈ ತಂತ್ರಾಂಶವೇ. ಸಂಶೋಧನೆಗೆ ಹೋಗುವ ನಮ್ಮ ವಿದ್ಯಾರ್ಥಿಗಳು ಒಂದಲ್ಲ ಒಂದು ದಿನ ಇದನ್ನು ಬಳಸುತ್ತಾರೆ. ಇಲ್ಲಿ ಕಾಲಾವಧಿಯ ಸಾಲನ್ನು ಬರೆಯದಿದ್ದರೆ ಆ ವಿಭಾಗಕ್ಕೆ ಗೊತ್ತುಪಡಿಸಿದ ಅವಧಿ ಅನ್ವಯಿಸುತ್ತದೆ. ಸೊನ್ನೆ ಬರೆದರೆ ಮಿತಿಯೇ ಬೇಡವೆಂದು ಕೇಳಿದಂತಾಗುತ್ತದೆ. ವಿಭಾಗದ ಗರಿಷ್ಠ ಮಿತಿಗಿಂತ ಹೆಚ್ಚು ಕೇಳಿದ ಕೆಲಸ ಆರಂಭವಾಗದೆ ಸರದಿಯಲ್ಲೇ ಉಳಿದುಬಿಡಬಹುದು. ಇಲ್ಲಿ ಬರೆಯದ ಸಾಲೂ ಸೊನ್ನೆಯೂ ಬೇರೆ ಬೇರೆ ಎಂಬುದು ಮೆಚ್ಚುವ ಅಂಶ. ಆದರೆ ‘ಮಿತಿಯಿಲ್ಲ’ ಎಂಬುದಕ್ಕೆ ಸೊನ್ನೆಯನ್ನು ಆರಿಸಿಕೊಂಡದ್ದು ಮೆಚ್ಚುವಂಥದ್ದಲ್ಲ.

ಇದಕ್ಕಿಂತ ಸ್ಪಷ್ಟವಾಗಿ ನಡೆದುಕೊಂಡಿರುವ ಉದಾಹರಣೆಯೂ ಇದೆ. ಕುಬರ್ನೆಟೀಸ್ ಎಂಬ ವ್ಯವಸ್ಥೆಯಲ್ಲಿ ಮುಗಿದ ಕೆಲಸದ ದಾಖಲೆಯನ್ನು ಎಷ್ಟು ಸೆಕೆಂಡುಗಳ ಬಳಿಕ ಅಳಿಸಬೇಕು ಎಂಬ ಒಂದು ಸೂಚನೆ ಇದೆ. 2021ರ ಡಿಸೆಂಬರಿನ ಆವೃತ್ತಿಯಲ್ಲಿ ಅದು ಸ್ಥಿರಗೊಂಡಿತು. ಅದಕ್ಕೆ ಸೊನ್ನೆ ಕೊಟ್ಟರೆ ಕೆಲಸ ಮುಗಿದ ತಕ್ಷಣ ದಾಖಲೆ ಅಳಿಸಲು ಅರ್ಹ. ಆ ಸಾಲನ್ನೇ ಬರೆಯದಿದ್ದರೆ ಈ ವ್ಯವಸ್ಥೆ ಅದನ್ನು ಮುಟ್ಟುವುದಿಲ್ಲ. ಸೊನ್ನೆಗೆ ಸೊನ್ನೆಯ ಅರ್ಥ, ಮೌನಕ್ಕೆ ಮೌನದ ಅರ್ಥ. ಹೀಗಿರಬೇಕು.

ರೂಢಿಯ ಪರವಾದ ಮಾತು

ಯಾವುದೇ ರೂಢಿಯನ್ನು ಟೀಕಿಸುವ ಮುನ್ನ ಅದು ಏಕೆ ಹುಟ್ಟಿತೆಂದು ನೋಡುವುದು ನ್ಯಾಯ. ಸಿ ಭಾಷೆಯ ಪೂರ್ಣಾಂಕದ ಜಾಗದಲ್ಲಿ ‘ಏನೂ ಇಲ್ಲ’ ಎಂದು ಬರೆಯಲು ಬರುವುದಿಲ್ಲ. ಅಲ್ಲಿ ಯಾವಾಗಲೂ ಒಂದು ಸಂಖ್ಯೆ ಇರಲೇಬೇಕು. ಹಲವು ಬಗೆಯ ನೆನಪಿನ ಜಾಗಗಳು ಆರಂಭದಲ್ಲಿ ಸೊನ್ನೆಯಿಂದಲೇ ತುಂಬಿರುತ್ತವೆ. ನೆನಪು ದುಬಾರಿಯಾಗಿದ್ದ ಕಾಲದಲ್ಲಿ ‘ಈ ಸಂಖ್ಯೆಯನ್ನು ಬರೆದಿದ್ದಾರೆಯೇ?’ ಎಂಬುದಕ್ಕೆ ಇನ್ನೊಂದು ಜಾಗ ಖರ್ಚು ಮಾಡುವುದು ಅತಿಯೆನಿಸಿತು. ಸೊನ್ನೆ ಸೆಕೆಂಡು ಕಾಯುವುದು ಯಾರಿಗೂ ಬೇಡವಾದ್ದರಿಂದ ಆ ಬೆಲೆಯನ್ನು ಬೇರೆ ಅರ್ಥಕ್ಕೆ ಬಳಸಿಕೊಂಡರೆ ತಪ್ಪೇನು ಎಂದು ಅವರು ವಾದಿಸಬಹುದು.

ಆ ಕಾಲಕ್ಕೆ ಈ ವಾದ ಒಪ್ಪತಕ್ಕದ್ದೇ. ಆದರೆ ಹೊಸ ಕಾಲದಲ್ಲೂ ಅದೇ ಮುಂದುವರಿಯಿತು. ಗೋ ಭಾಷೆಯಲ್ಲಿ ಬರೆಯದ ಸಂಖ್ಯೆ ತಾನಾಗಿ ಸೊನ್ನೆಯಾಗುತ್ತದೆ, ಅದರ ಜಾಲ ಸಂಪರ್ಕದ ಭಂಡಾರದಲ್ಲಿ ಸೊನ್ನೆಯ ಕಾಲಮಿತಿ ಎಂದರೆ ಮಿತಿಯಿಲ್ಲ. ಯಂತ್ರಗಳ ನಡುವೆ ಸಂದೇಶ ಸಾಗಿಸುವ ಪ್ರೊಟೊಬಫ್ ತನ್ನ ಮೂರನೆಯ ಆವೃತ್ತಿಯಲ್ಲಿ ಬರೆದ ಸೊನ್ನೆಗೂ ಬರೆಯದ ಸಂಖ್ಯೆಗೂ ಇದ್ದ ಭೇದವನ್ನು ಸರಳತೆಯ ಹೆಸರಿನಲ್ಲಿ ಕೈಬಿಟ್ಟಿತು. ಬಳಸುವವರಿಗೆ ಅದು ತೊಂದರೆಯಾಗಿ, 2021ರಲ್ಲಿ ಆ ಭೇದವನ್ನು ಬೇಕಾದವರು ಉಳಿಸಿಕೊಳ್ಳುವ ಅವಕಾಶವನ್ನು ಮತ್ತೆ ಎಲ್ಲರಿಗೂ ಕೊಡಬೇಕಾಯಿತು. ಕೈಬಿಟ್ಟ ಭೇದ ಹೀಗೆ ಮರಳಿ ಬಂದದ್ದೇ ಅದು ಅನಗತ್ಯವಲ್ಲ ಎಂಬುದಕ್ಕೆ ಸಾಕ್ಷಿ.

ಭೌತಶಾಸ್ತ್ರದ ದೃಷ್ಟಿಯಿಂದ

ಭೌತಶಾಸ್ತ್ರ ಕಲಿಸುವವನಾಗಿ ಈ ರೂಢಿಯ ಬಗ್ಗೆ ನನ್ನ ಮುಖ್ಯ ಆಕ್ಷೇಪ ಸಾಂತತ್ಯದ್ದು. ಕಾಲಮಿತಿಯನ್ನು 30 ಸೆಕೆಂಡಿನಿಂದ 10ಕ್ಕೆ, 10ರಿಂದ 1ಕ್ಕೆ, 1ರಿಂದ 0.1ಕ್ಕೆ ಇಳಿಸುತ್ತ ಹೋಗಿ. ಕಾಯುವ ಹೊತ್ತು ಕಡಿಮೆಯಾಗುತ್ತ ಬರುತ್ತದೆ. ಸೊನ್ನೆಯನ್ನು ಮುಟ್ಟಿದ ಕೂಡಲೆ ಅದು ಅನಂತಕ್ಕೆ ಹಾರುತ್ತದೆ! ಅತ್ಯಂತ ಚಿಕ್ಕದರ ಪಕ್ಕದಲ್ಲೇ ಅತ್ಯಂತ ದೊಡ್ಡದು. ಗ್ರಾಫ್ ಹಾಳೆಯ ಮೇಲೆ ವಿದ್ಯಾರ್ಥಿ ಇಂಥ ಬಿಂದುವನ್ನು ಗುರುತಿಸಿ ತಂದರೆ ಪ್ರಯೋಗವನ್ನು ಮತ್ತೆ ಮಾಡು ಎಂದು ನಾವು ಕಳಿಸುತ್ತೇವೆ.

ಇದು ಕೇವಲ ಸೌಂದರ್ಯದ ಆಕ್ಷೇಪವಲ್ಲ. ಎರಡು ನಿಜವಾದ ಅಪಾಯಗಳು ಇದರಿಂದ ಹುಟ್ಟುತ್ತವೆ. ಮೊದಲನೆಯದು ಪೂರ್ಣಾಂಕಕ್ಕೆ ಇಳಿಸುವುದರಿಂದ ಬರುವುದು. 400 ಮಿಲಿಸೆಕೆಂಡು ಎಂಬ ಮಿತಿಯನ್ನು ಸೆಕೆಂಡಿಗೆ ಬದಲಿಸಲು ಪೂರ್ಣಾಂಕಗಳಲ್ಲೇ 1000ದಿಂದ ಭಾಗಿಸಿದರೆ ಸಿಗುವುದು ಸೊನ್ನೆ. ಅರ್ಧ ಸೆಕೆಂಡೂ ಕಾಯಬಾರದೆಂದ ಕೆಲಸ ಅನಂತಕಾಲ ಕಾಯುತ್ತದೆ. ಎರಡನೆಯದು ವ್ಯವಕಲನದಿಂದ ಬರುವುದು. ಒಟ್ಟು 30 ಸೆಕೆಂಡು ಗಡುವಿದ್ದು, ಮೊದಲ ಹಂತಕ್ಕೆ 12 ಸೆಕೆಂಡು ಹಿಡಿದರೆ ಎರಡನೆಯ ಹಂತಕ್ಕೆ 18 ಸೆಕೆಂಡು ಉಳಿಯುತ್ತದೆ. ಮೊದಲ ಹಂತವೇ ಸರಿಯಾಗಿ 30 ಸೆಕೆಂಡು ನುಂಗಿದರೆ ಉಳಿದದ್ದು ಸೊನ್ನೆ. ಹೊತ್ತು ಮುಗಿಯಿತೆಂದು ನಿಲ್ಲಬೇಕಾದ ಆ ಕ್ಷಣದಲ್ಲೇ ತಂತ್ರಾಂಶ ಮಿತಿಯಿಲ್ಲದೆ ಕಾಯಲು ಕುಳಿತುಕೊಳ್ಳುತ್ತದೆ. ಸೊನ್ನೆಯನ್ನು ಯಾರೂ ಕಡತದಲ್ಲಿ ಬರೆಯಬೇಕಾಗಿಯೇ ಇಲ್ಲ, ಲೆಕ್ಕವೇ ಅದನ್ನು ಹೆತ್ತುಕೊಡುತ್ತದೆ. ‘ಸೊನ್ನೆ ಸೆಕೆಂಡು ಯಾರಿಗೂ ಬೇಡ’ ಎಂಬ ಮೇಲಿನ ವಾದ ಇಲ್ಲಿ ಬಿದ್ದುಹೋಗುತ್ತದೆ.

ಈ ಸಂದರ್ಭದಲ್ಲಿ ನಮ್ಮ ಜಿಲ್ಲೆಯದೇ ಒಂದು ಹಳೆಯ ಪ್ರಸಂಗ ನೆನಪಾಗುತ್ತದೆ. ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಂಡೆಯ ಮೇಲಿರುವ ಮಳಖೇಡ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿ ಸುಮಾರು ಕ್ರಿ.ಶ. 850ರಲ್ಲಿ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ವನ್ನು ಬರೆದ. ಒಂದು ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಆ ಸಂಖ್ಯೆ ಬದಲಾಗದೆ ಉಳಿಯುತ್ತದೆ ಎಂದು ಅದರಲ್ಲಿ ಹೇಳಿದೆ. ಬ್ರಹ್ಮಗುಪ್ತ 628ರಲ್ಲಿ ಅದನ್ನು ಸೊನ್ನೆ ಛೇದವಿರುವ ರಾಶಿಯೆಂದು ಹಾಗೆಯೇ ಬಿಟ್ಟಿದ್ದ. ಎರಡನೆಯ ಭಾಸ್ಕರ 12ನೆಯ ಶತಮಾನದಲ್ಲಿ ಅದನ್ನು ಅನಂತ ರಾಶಿಯೆಂದ. ಮಹಾವೀರನ ಉತ್ತರ ಇಂದಿನ ಗಣಿತದಲ್ಲಿ ನಿಲ್ಲುವುದಿಲ್ಲ. ಆದರೆ ಅವನು ಹಾಗೇಕೆ ಯೋಚಿಸಿರಬಹುದು ಎಂಬುದನ್ನು ಊಹಿಸುವುದು ಕಷ್ಟವಲ್ಲ. ಸೊನ್ನೆ ಜನಕ್ಕೆ ಹಂಚುವುದೆಂದರೆ ಹಂಚದೇ ಇರುವುದು, ಹಂಚದಿದ್ದರೆ ಇದ್ದದ್ದು ಇದ್ದಂತೆಯೇ. ಅಂದರೆ ‘ಸೊನ್ನೆಯಿಂದ ಮಾಡಿದ ಕ್ರಿಯೆ’ಯನ್ನು ‘ಮಾಡದ ಕ್ರಿಯೆ’ ಎಂದು ಓದಿದಂತಾಯಿತು. ಸಾವಿರದ ನೂರಕ್ಕೂ ಹೆಚ್ಚು ವರ್ಷಗಳ ಬಳಿಕ ನಮ್ಮ ತಂತ್ರಾಂಶಗಳು ಮಾಡುತ್ತಿರುವುದು ಇದನ್ನೇ. ಅಷ್ಟು ದೊಡ್ಡ ಗಣಿತಜ್ಞನನ್ನೂ ಜಾರಿಸಿದ ಜಾಗವೆಂದ ಮೇಲೆ ನಾವು ಹೆಚ್ಚು ಎಚ್ಚರದಿಂದ ಹೆಜ್ಜೆ ಇಡಬೇಕಲ್ಲವೇ?

ತರಗತಿಯಲ್ಲಿ ಹುಟ್ಟುವ ತಪ್ಪು

ಟೀಕೆಯ ಒಂದು ಪಾಲು ನಮಗೂ, ಅಂದರೆ ಕಲಿಸುವವರಿಗೂ ಸಲ್ಲಬೇಕು. ಎಲ್ಲ ಸಂಖ್ಯೆಗಳಿಗೂ ಮೊದಲು ಸೊನ್ನೆ ತುಂಬಿ ಆರಂಭಿಸಿ ಎಂದು ನಾವೇ ಹೇಳಿಕೊಡುತ್ತೇವೆ. ಮೊತ್ತ ಕೂಡಿಸುವಾಗ ಅದು ಸರಿ. ಆದರೆ ಬಳಕೆದಾರ ಕೊಡಬೇಕಾದ ಸಂಖ್ಯೆಗೂ ಅದೇ ನಿಯಮ ಹಚ್ಚಿದರೆ ಅವನು ಕೊಟ್ಟನೋ ಬಿಟ್ಟನೋ ಎಂಬ ಸಂಗತಿ ಅಲ್ಲಿಗೆ ಅಳಿಸಿಹೋಯಿತು. ಹಾಗೆಯೇ ‘ಬೆಲೆ ಇದ್ದರೆ ಅದು, ಇಲ್ಲದಿದ್ದರೆ ರೂಢಿಯ ಬೆಲೆ’ ಎಂಬುದನ್ನು ಪೈಥಾನ್‌ನಲ್ಲೂ ಜಾವಾಸ್ಕ್ರಿಪ್ಟ್‌ನಲ್ಲೂ ‘ಅಥವಾ’ ಎಂಬ ತರ್ಕಚಿಹ್ನೆಯಿಂದ ಒಂದೇ ಸಾಲಿನಲ್ಲಿ ಬರೆಯುವ ಜಾಣತನವನ್ನೂ ಹೇಳಿಕೊಡುತ್ತೇವೆ. ಆ ಭಾಷೆಗಳಲ್ಲಿ ಸೊನ್ನೆಯೂ ‘ಸುಳ್ಳು’ ಎಂದೇ ಗಣನೆ. ರೂಢಿಯ ಮರುಪ್ರಯತ್ನ 3 ಇರುವಾಗ ಒಬ್ಬಳು ತನಗೆ ಮರುಪ್ರಯತ್ನ ಬೇಡವೆಂದು 0 ಬರೆದರೆ, ಆ ಜಾಣ ಸಾಲು ಅವಳ ಸೊನ್ನೆಯನ್ನು ಎಸೆದು 3ನ್ನೇ ಹಿಡಿಯುತ್ತದೆ. ಅವಳ ಸ್ಪಷ್ಟವಾದ ಸೂಚನೆ ಗಾಳಿಗೆ ಹೋಯಿತು. ಈ ತೊಡಕಿಗಾಗಿಯೇ ಜಾವಾಸ್ಕ್ರಿಪ್ಟ್‌ನ 2020ರ ಮಾನಕದಲ್ಲಿ ಬೆಲೆ ನಿಜವಾಗಿ ಇಲ್ಲದಿದ್ದಾಗ ಮಾತ್ರ ರೂಢಿಯ ಬೆಲೆ ಹಿಡಿಯುವ ಹೊಸ ಚಿಹ್ನೆಯೊಂದನ್ನು ಸೇರಿಸಿದರು. ಪೈಥಾನ್‌ನಲ್ಲಿ ‘ಇದು ನನ್ ಆಗಿದೆಯೇ?’ ಎಂದು ನೇರವಾಗಿ ಕೇಳಬೇಕು.

ಒಮ್ಮೆ ತರಗತಿಯಲ್ಲಿ ಇದನ್ನು ವಿವರಿಸುವಾಗ ವಿದ್ಯಾರ್ಥಿಯೊಬ್ಬ ಎದ್ದು, “ಸರ್, ಸೊನ್ನಿ ಅಂದ್ರ ಏನೂ ಇಲ್ಲ ಅಂತ ಅಲ್ರೀ?” ಎಂದು ಕೇಳಿದ. ನಾನು ಅವನ ಕೈಗೆ ಪ್ರಯೋಗಾಲಯದ ಮಲ್ಟಿಮೀಟರ್ ಕೊಟ್ಟು, ರೋಧವನ್ನು ಅಳೆಯುವ ಸ್ಥಾನದಲ್ಲಿಟ್ಟು ಎರಡು ತಂತಿಗಳನ್ನು ಒಂದಕ್ಕೊಂದು ಮುಟ್ಟಿಸಲು ಹೇಳಿದೆ. ಅಂಕಿ ಸೊನ್ನೆಯ ಹತ್ತಿರ ಬಂತು. ತಂತಿಗಳನ್ನು ಬಿಡಿಸಿದಾಗ ‘ಓಎಲ್’ ಎಂಬ ಅಕ್ಷರಗಳು ಮೂಡಿದವು, ಅಂದರೆ ಅಳತೆಯ ಮಿತಿಗೂ ಮೀರಿದ್ದು. “ಈ ಮೀಟರ್ ಎರಡನೆಯ ಸಲವೂ ಸೊನ್ನೆ ತೋರಿಸಿದ್ದರೆ ನೀನು ಇದನ್ನು ನಂಬುತ್ತಿದ್ದೆಯಾ?” ಎಂದು ಕೇಳಿದೆ. ಉತ್ತರ ಅವನಿಗೇ ಹೊಳೆಯಿತು.

ಉಪಕರಣಗಳನ್ನು ಮಾಡುವವರು ಈ ಪಾಠವನ್ನು ಬಹಳ ಹಿಂದೆಯೇ ಕಲಿತರು. ಕಾರ್ಖಾನೆಗಳಲ್ಲಿ ಒತ್ತಡ, ಉಷ್ಣತೆಗಳ ಅಳತೆಯನ್ನು ತಂತಿಯ ಮೂಲಕ ಕಳಿಸುವಾಗ 4ರಿಂದ 20 ಮಿಲಿಆಂಪಿಯರ್ ವಿದ್ಯುತ್ತನ್ನು ಬಳಸುತ್ತಾರೆ. ಅಳತೆ ಸೊನ್ನೆ ಇದ್ದಾಗ ಹರಿಯುವುದು 4 ಮಿಲಿಆಂಪಿಯರ್. ತಂತಿ ಕಡಿದರೆ ಸೊನ್ನೆ ಮಿಲಿಆಂಪಿಯರ್. ‘ಅಳತೆ ಸೊನ್ನೆ’ ಬೇರೆ, ‘ಅಳತೆಯೇ ಬಂದಿಲ್ಲ’ ಬೇರೆ ಎಂಬುದು ತಂತಿಯಲ್ಲೇ ತಿಳಿಯುತ್ತದೆ. ಇದಕ್ಕೆ ಅವರು ಕೊಟ್ಟ ಹೆಸರೂ ಸೊಗಸಾಗಿದೆ, ಜೀವಂತ ಸೊನ್ನೆ. ಭಾರತ ಹವಾಮಾನ ಇಲಾಖೆ ದೇಶವನ್ನು ಚೌಕಗಳಾಗಿ ವಿಂಗಡಿಸಿ ಪ್ರಕಟಿಸುವ ಮಳೆಯ ದತ್ತಾಂಶದಲ್ಲಿ ಅಂಕಿ ಇಲ್ಲದ ಚೌಕಕ್ಕೆ −999 ಎಂಬ ಅಸಾಧ್ಯ ಸಂಖ್ಯೆ ಇರುತ್ತದೆ. ಇದೂ ಪರಿಪೂರ್ಣ ವಿಧಾನವಲ್ಲ, ಗಮನಿಸದೆ ಸರಾಸರಿ ತೆಗೆದರೆ ಮಳೆ ಋಣಾತ್ಮಕವಾದೀತು. ಆದರೆ ಆ ತಪ್ಪು ಕೂಗಿ ಹೇಳುತ್ತದೆ. ಸುಳ್ಳು ಸೊನ್ನೆ ಕೂಗುವುದಿಲ್ಲ.

ಏನು ಮಾಡಬೇಕು?

ಟೀಕೆ ಪರಿಹಾರದಲ್ಲಿ ಮುಗಿಯಬೇಕು. ಶೆಡ್ಯೂಲರ್ ಬರೆಯುವ, ಬಳಸುವ ವಿದ್ಯಾರ್ಥಿಗಳು ಈ ಆರು ಅಂಶಗಳನ್ನು ಗಮನಿಸಲಿ.

ಒಂದು, ಸಂಖ್ಯೆ, ‘ಮಿತಿಯಿಲ್ಲ’ ಮತ್ತು ‘ಬರೆದಿಲ್ಲ’ ಎಂಬ ಮೂರು ಸ್ಥಿತಿಗಳಿಗೆ ಮೂರು ಬೇರೆ ಗುರುತುಗಳಿರಲಿ. ಮಿತಿ ಬೇಡದವರು ಅದನ್ನು ಒಂದು ಪದವಾಗಿಯೇ ಬರೆಯಲಿ.

ಎರಡು, ಸೊನ್ನೆಗೆ ಸಹಜವಾದ ‘ಕಾಯಬೇಡ’ ಎಂಬ ಅರ್ಥ ಸಲ್ಲುವ ಕಡೆ ಅದನ್ನೇ ಕೊಡಿ. ಇಡೀ ಕೆಲಸಕ್ಕೇ ಸೊನ್ನೆ ಸೆಕೆಂಡು ಎಂಬಂತೆ ಅರ್ಥವಾಗದ ಕಡೆ, ಕಡತ ಓದುವಾಗಲೇ ಅದನ್ನು ತಿರಸ್ಕರಿಸಿ ಕಾರಣ ಹೇಳಿ. ಬೇರೆ ಅರ್ಥ ಮಾತ್ರ ಹಚ್ಚಬೇಡಿ.

ಮೂರು, ರೂಢಿಯ ಬೆಲೆಯನ್ನು ತಂತ್ರಾಂಶದ ಒಂದೇ ಜಾಗದಲ್ಲಿ, ಒಂದೇ ಸಲ ಅನ್ವಯಿಸಿ. ‘ಜೇವರ್ಗಿ, 60 ಸೆಕೆಂಡು, ಸಾಮಾನ್ಯ ಕಡತದಿಂದ’ ಎಂದು ದಿನಚರಿಯಲ್ಲಿ ಬರೆಯಿಸಿ. ಆ ಒಂದು ಸಾಲು ಇದ್ದಿದ್ದರೆ ನಮ್ಮ ಉದಾಹರಣೆಯ ದೋಷ ಮೊದಲ ದಿನವೇ ಕಾಣುತ್ತಿತ್ತು.

ನಾಲ್ಕು, ಕೆಳಗಿನ ಪದರಕ್ಕೆ ಕಾಲಮಿತಿ ಒಪ್ಪಿಸುವ ಮುನ್ನ ಉಳಿದ ಹೊತ್ತು ಸೊನ್ನೆ ಅಥವಾ ಅದಕ್ಕಿಂತ ಕಡಿಮೆ ಆಗಿದೆಯೇ ನೋಡಿ. ಆಗಿದ್ದರೆ ಅಲ್ಲೇ ನಿಲ್ಲಿಸಿ.

ಐದು, ಒಂದೇ ಸರದಿಯನ್ನು ಹಲವರು ಹಂಚಿಕೊಂಡಿರುವಾಗ ‘ಮಿತಿಯಿಲ್ಲ’ ಎಂದವರಿಗೂ ಶೆಡ್ಯೂಲರ್‌ನದೇ ಒಂದು ಹೊರಗಿನ ಗಡುವು ಇರಲಿ. ಒಬ್ಬರ ತಾಳ್ಮೆಗೆ ಇನ್ನೊಬ್ಬರು ಬೆಲೆ ತೆರಬಾರದು.

ಆರು, ಬಾರದ ಅಂಕಿಯನ್ನು ಖಾಲಿಯಾಗಿಯೇ ಉಳಿಸಿ. ಸರಾಸರಿಯ ಪಕ್ಕದಲ್ಲಿ ಎಷ್ಟು ಮಾಪಕಗಳ ಅಂಕಿಯಿಂದ ಅದು ಬಂತೆಂದು ಬರೆಯಿರಿ.

ಈ ಆರೂ ಇದ್ದ ಮೇಲೂ ಒಂದು ಮಿತಿ ಉಳಿಯುತ್ತದೆಂದು ಒಪ್ಪಿಕೊಳ್ಳಬೇಕು. ಮಳೆಮಾಪಕದ ಬಾಯಿಗೆ ಎಲೆ ಕಟ್ಟಿಕೊಂಡು ನೀರು ಒಳಗಿಳಿಯದಿದ್ದರೆ ಮಾಪಕ ಚೆನ್ನಾಗಿಯೇ ಸೊನ್ನೆ ಕಳಿಸುತ್ತಿರುತ್ತದೆ. ಆ ಸೊನ್ನೆಯ ಸುಳ್ಳನ್ನು ಯಾವ ಶೆಡ್ಯೂಲರೂ ಹಿಡಿಯಲಾರದು, ಯಾರಾದರೂ ಹೋಗಿ ನೋಡಬೇಕು. ಆದರೆ ಯಾವ ಸೊನ್ನೆ ಮಾಪಕದಿಂದ ಬಂದದ್ದು, ಯಾವುದು ನಾವು ತುಂಬಿದ್ದು ಎಂಬುದೇ ತಿಳಿಯದಿದ್ದರೆ ಎಲ್ಲಿ ಹೋಗಿ ನೋಡಬೇಕೆಂದೂ ತಿಳಿಯುವುದಿಲ್ಲ.

ಓದುಗ ಶಿಕ್ಷಕರು ಈ ವಿಷಯವನ್ನು ಒಂದು ಪ್ರಯೋಗವಾಗಿ ಮಾಡಿಸಬಹುದು. ಕಾಲಮಿತಿಯನ್ನು ಕಡತದಿಂದ ಓದುವ ಹತ್ತು ಸಾಲಿನ ಕಾರ್ಯಕ್ರಮವನ್ನು ವಿದ್ಯಾರ್ಥಿಗಳು ಬರೆಯಲಿ. ಅದಕ್ಕೆ ಮೂರು ಕಡತಗಳನ್ನು ಕೊಡಿ. ಒಂದರಲ್ಲಿ 30, ಒಂದರಲ್ಲಿ 0, ಇನ್ನೊಂದರಲ್ಲಿ ಆ ಸಾಲೇ ಇಲ್ಲ. ಮೂರಕ್ಕೂ ಮೂರು ಬೇರೆ ಉತ್ತರ ಬರದಿದ್ದರೆ ಕಾರ್ಯಕ್ರಮ ತಪ್ಪು. ಅದೇ ದಿನ ಅಂಕಪಟ್ಟಿಯ ಒಂದು ಹಾಳೆಯನ್ನೂ ಪಕ್ಕದಲ್ಲಿಡಿ. ಬಾರದ ವಿದ್ಯಾರ್ಥಿಗೆ ಸೊನ್ನೆ ಹಾಕುವುದು ಅನ್ಯಾಯವೆಂದು ಒಪ್ಪುವ ಅವರು ಬಾರದ ಅಂಕಿಗೆ ಸೊನ್ನೆ ತುಂಬುವ ಮುನ್ನ ಖಂಡಿತ ಯೋಚಿಸುತ್ತಾರೆ.